ನಿಲ್ಲುವ ಮುಂಚಿನ ಸದ್ದು

ಆ ದಿನ ನಮ್ಮ ಯಜಮಾನರು ಹೊಳಲಿಗೆ ಬಾಡಿಗೆ ಹೋಗಿದ್ದರು. ನಮ್ಮ ಕೊಟ್ಟೂರಿನ ಒಂದು ಮನೆಯವರು ಹೆಣ್ಣು ನೋಡಲು ಹೊರಟಿದ್ದರು, ಕಾರಿನ ತುಂಬ ಜನ. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಓಣಿಯ ತಿರುವಿನಲ್ಲಿ ಕಾರು ಹೊರಳಿದ್ದು ಕೇಳಿಸಿತು. ಮನೆ ಮುಂದೆ ಬ್ರೇಕ್ ಹಾಕಿದ್ದು ಕೇಳಿಸಿತು. ಆಮೇಲೆ ಇಂಜಿನ್ ಒಂದು ಸಲ ಗುಂಯ್ ಎಂದು ಮೆಲ್ಲಗೆ ಏರಿ, ಇಳಿದು, ಸುಮ್ಮನಾಯಿತು. ಅತ್ತೆ ಎದ್ದು ಬಚ್ಚಲಿಗೆ ಹೋಗಿ ಹಂಡೆಯಿಂದ ಬಿಸಿನೀರು ತೋಡಿದರು. ಅವರ ಕಣ್ಣು ಮಂಜಾಗಿ ಎಷ್ಟೋ ಕಾಲವಾಗಿತ್ತು. ಮಗ ಬಂದದ್ದನ್ನು ಆ ಸದ್ದಿನಿಂದಲೇ ತಿಳಿಯುತ್ತಿದ್ದರು.

ಸ್ನಾನ ಮುಗಿಸಿ ಇವರು ಊಟಕ್ಕೆ ಕೂತಾಗ, "ಹುಡುಗಿ ಒಪ್ಪಿಗಿ ಆದ್ಲೇನು?" ಎಂದು ಕೇಳಿದೆ.

"ಹುಡುಗೀದು ಗೊತ್ತಿಲ್ಲ. ಅವರಪ್ಪಗ ನನ್ನ ಕಾರು ಒಪ್ಪಿಗಿ ಆತು. ಮದುವಿಗೂ ಇದ ಬರ್ಲಿ ಅಂದ," ಎಂದು ನಕ್ಕರು. ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಶೇಂಗಾ ಚಟ್ನಿಗೆ ಖಾರ ಕಡಿಮೆ ಎಂದರು. ಅಷ್ಟೇ. ನೆನಪಿಟ್ಟುಕೊಳ್ಳಬೇಕಾದ ಮಾತು ಒಂದೂ ಆಡಲಿಲ್ಲ, ಆಡಬೇಕಾಗಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ, ಟ್ಯಾಕ್ಸಿಗಳು ನಿಲ್ಲುವ ಕಡೆ, ಚಹಾ ಕುಡಿಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ದವಾಖಾನೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ವಯಸ್ಸು ನಲವತ್ತೂ ತುಂಬಿರಲಿಲ್ಲ.

ಇದೆಲ್ಲ ನಡೆದದ್ದು ಎಂಬತ್ತರ ದಶಕ ಶುರುವಾದ ಹೊಸದರಲ್ಲಿ. ಮುಂದೆ ಹೇಳುವುದನ್ನು ಓದಿ ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಹತ್ತನೆಯ ತರಗತಿಯವರೆಗೆ ಓದಿದವಳು ನಾನು. ನಮ್ಮ ಶಾಲೆಯ ಮೇಷ್ಟರು ಹುಣಸೆಮರದ ದೆವ್ವವನ್ನು ತೋರಿಸುತ್ತೇನೆಂದು ನಮ್ಮನ್ನು ಕರೆದೊಯ್ದು ಮರದಲ್ಲಿದ್ದ ಗೂಬೆಯ ಗೂಡು ತೋರಿಸಿದ್ದರು. ಅಂದಿನಿಂದ ಯಾರು ಏನು ಹೇಳಿದರೂ ನನಗೆ ಆ ಗೂಡೇ ಕಾಣುತ್ತಿತ್ತು. ಸತ್ತವರು ಸದ್ದು ಮಾಡುತ್ತಾರೆ, ವಾಸನೆಯಾಗಿ ಬರುತ್ತಾರೆ ಎಂದು ಓಣಿಯ ಹೆಂಗಸರು ಮಾತಾಡಿದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಇವರು ತೀರಿಕೊಂಡ ದಿನ ಮಧ್ಯಾಹ್ನ, ಟ್ಯಾಕ್ಸಿ ನಿಲ್ಲುವ ಕಡೆಯಿಂದ ಕಾರನ್ನು ಮನೆಗೆ ತಂದವನು ನನ್ನ ಮೈದುನ ನಾಗರಾಜ. ಬಾಗಿಲ ಮುಂದೆ ಬ್ರೇಕ್ ಒತ್ತಿದ ಕೂಡಲೇ ಇಂಜಿನ್ ಅಲ್ಲಿಯೇ ಬಂದ್ ಆಯಿತು. ಚಾವಿ ತಿರುಗಿಸುವ ಮೊದಲೇ. ಅಂದು ಅದನ್ನು ಗಮನಿಸುವ ಸ್ಥಿತಿ ಯಾರಿಗಿತ್ತು? ಆದರೆ ನನಗೆ ನೆನಪಿದೆ. ಮಂದಿಯ ಅಳುವಿನ ನಡುವೆಯೂ, ಕಾರು ಬಂತು, ಸದ್ದು ಬರಲಿಲ್ಲ ಎಂದು ನನ್ನ ಕಿವಿಗೆ ತಿಳಿದಿತ್ತು.

ಕರ್ಮಗಳೆಲ್ಲ ಮುಗಿದ ಮೇಲೆ ಕಾರನ್ನು ನಾಗರಾಜನೇ ಓಡಿಸುವುದೆಂದು ಮಾತಾಯಿತು. ಮನೆಯ ಊಟ ಅದರಿಂದಲೇ ಬರಬೇಕಿತ್ತು. ಅವನು ಲಾರಿಯಲ್ಲಿ ಕ್ಲೀನರ್ ಆಗಿದ್ದವನು, ಲೈಸೆನ್ಸ್ ಇತ್ತು, ಕೈಯೂ ಕೆಟ್ಟದ್ದಲ್ಲ. ಆದರೆ ಅವನು ಎಲ್ಲಿ ಬ್ರೇಕ್ ಹಾಕಿದರೂ ಕಾರು ಬಂದ್ ಆಗುತ್ತಿತ್ತು. ನಿಂತಲ್ಲಿ ಚಾಲೂ ಮಾಡಿದರೆ ಚೆನ್ನಾಗಿ ಗುಡುಗುಡು ಎನ್ನುವುದು. ಓಡುವಾಗ ಒಂದಿಷ್ಟು ತಕರಾರಿಲ್ಲ. ಎಮ್ಮೆ ಅಡ್ಡ ಬಂತೆಂದು ಬ್ರೇಕ್ ಒತ್ತಿದರೆ ಮಾತ್ರ ಉಸಿರು ಕಟ್ಟಿದಂತೆ ನಿಂತುಬಿಡುವುದು. ಬಾಡಿಗೆಗೆ ಹತ್ತಿದವರು ಎರಡು ಸಲ ನಕ್ಕು ತಳ್ಳಿದರು, ಮೂರನೆಯ ಸಲ ಇಳಿದು ಬಸ್ ಹಿಡಿದರು. ಒಮ್ಮೆ ಕೂಡ್ಲಿಗಿಯಲ್ಲಿ ಹೆದ್ದಾರಿ ದಾಟುವಾಗ ನಡುರಸ್ತೆಯಲ್ಲೇ ಬಂದ್ ಆಗಿ, ಹಿಂದೆ ಬಂದ ಲಾರಿ ಗೇಣು ದೂರದಲ್ಲಿ ನಿಂತಿತಂತೆ. ಕಾರಿನಲ್ಲಿ ಬಾಣಂತಿಯೂ ಕೂಸೂ ಇದ್ದರು. ಅಂದು ನಾಗರಾಜ ಮನೆಗೆ ಬಂದು ಊಟ ಮಾಡಲಿಲ್ಲ. "ಇದನ್ನ ಮಾರಿಬಿಡೋಣು ಯಕ್ಕಾ, ಇಲ್ಲಾಂದ್ರ ಇದು ಯಾರನ್ನಾರ ಕೊಲ್ತೈತಿ," ಎಂದ.

ಓಣಿಯಲ್ಲಿ ಮಾತು ಹಬ್ಬಿತು. ಕಾರಿನಲ್ಲಿ ಇವರ ಜೀವ ಇದೆ, ಇನ್ನೊಬ್ಬರ ಕಾಲು ಸೇರುವುದಿಲ್ಲ ಎಂದರು. ಅತ್ತೆ ಲಿಂಬೆಹಣ್ಣು ಕಟ್ಟಿಸಿದರು, ಸ್ವಾಮಿಯ ಗುಡಿಯಿಂದ ವಿಭೂತಿ ತರಿಸಿ ಸ್ಟೇರಿಂಗಿಗೆ ಹಚ್ಚಿಸಿದರು. ನನಗೆ ಸಿಟ್ಟು ಬರುತ್ತಿತ್ತು. ಇವರು ಬದುಕಿದ್ದಾಗ ಯಾರಿಗೂ ಅಡ್ಡಬಂದವರಲ್ಲ, ಸತ್ತು ತಮ್ಮನ ಊಟಕ್ಕೆ ಅಡ್ಡ ಬರುತ್ತಾರೆಯೇ ಎಂದು ಒಂದು ದಿನ ಹೇಳಿಯೂಬಿಟ್ಟೆ.

ರಿಪೇರಿಗೆ ನೋಡಿದವರು ಕೂಡ್ಲಿಗಿಯ ಖಾಸೀಮಣ್ಣ. ಹೆದ್ದಾರಿಯ ಬದಿಗೆ ಅವರ ಗ್ಯಾರೇಜು. ಇವರಿಗೂ ಅವರಿಗೂ ಹುಡುಗತನದ ಗೆಳೆತನ. ಜಾಕು ಜಾರಿ ಬಿದ್ದು ಅವರ ಬಲಗಾಲಿನ ಹರಡಿನ ಕೀಲು ಮುರಿದು, ಕೂಡಿದ ಮೇಲೆ ಮಡಚದಂತಾಗಿತ್ತು. ಮರದ ಪಾದವಿಟ್ಟಂತೆ ಇಡೀ ಕಾಲನ್ನೇ ಎತ್ತಿ ಇಡುತ್ತಿದ್ದರು. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಇವರು ಹೋದ ಮೇಲೆ ಆ ಬಾಯಿಯೂ ಕಡಿಮೆಯಾಗಿತ್ತು.

ಪೆಟ್ರೋಲ್ ಟಾಕಿಯಲ್ಲಿ ಕಸ ಇರಬೇಕೆಂದು ಅದನ್ನು ಇಳಿಸಿ ತೊಳೆದರು. ಕಾರ್ಬೊರೇಟರ್ ಬಿಚ್ಚಿ ಊದಿ ಕೂಡಿಸಿದರು. ಬ್ರೇಕ್ ಹಾಕಿದಾಗ ಇಂಜಿನ್ ಮುಂದಕ್ಕೆ ವಾಲಿ ಯಾವುದೋ ವೈರು ಎಳೆಯುತ್ತಿರಬೇಕೆಂದು ವೈರುಗಳನ್ನೂ ಇಂಜಿನ್ ಕೆಳಗಿನ ರಬ್ಬರುಗಳನ್ನೂ ಬದಲಿಸಿದರು. ಪ್ರತಿ ಸಲ ಗ್ಯಾರೇಜಿನಲ್ಲಿ ನೆಟ್ಟಗಿರುತ್ತಿತ್ತು, ರಸ್ತೆಯಲ್ಲಿ ಮೊದಲನೆಯ ಬ್ರೇಕಿಗೇ ಬಂದ್. ಒಂದನ್ನು ಮಾತ್ರ ಅವರು ಬದಲಿಸಿರಲಿಲ್ಲ. ಕಾರ್ಬೊರೇಟರಿನಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಗಾಡಿ ನಿಂತಾಗ ಇಂಜಿನ್ ಎಷ್ಟು ಜೋರಾಗಿ ಓಡಬೇಕೆಂದು ಅದು ನಿರ್ಧರಿಸುತ್ತದೆ. ಪೆಟ್ರೋಲ್ ದರ ಒಮ್ಮೆಲೇ ಏರಿದ ವರ್ಷ ನಮ್ಮ ಕಡೆಯ ಟ್ಯಾಕ್ಸಿಯವರೆಲ್ಲ ಅದನ್ನು ಇಳಿಸಿಕೊಂಡಿದ್ದರು. ಇವರು ಎಲ್ಲರಿಗಿಂತ ಹೆಚ್ಚು ಇಳಿಸಿ, ಅದರ ತಲೆಯ ಮೇಲೆ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟು, "ಖಾಸೀಮ್ಯಾ, ಏನರ ಬಿಚ್ಚು, ಈ ಚುಕ್ಕಿ ಮಾತ್ರ ಮ್ಯಾಲೇ ಇರಬೇಕು ನೋಡು" ಎಂದಿದ್ದರಂತೆ. ಖಾಸೀಮಣ್ಣ ಪ್ರತಿ ಸಲ ಬಿಚ್ಚಿ ಕೂಡಿಸಿದಾಗಲೂ ಆ ಚುಕ್ಕೆಯನ್ನು ಇದ್ದಲ್ಲಿಗೇ ತಂದು ನಿಲ್ಲಿಸುತ್ತಿದ್ದರು. ಅದರಲ್ಲಿ ದೋಷವಿದ್ದರೆ ಇಷ್ಟು ವರ್ಷ ಹೇಗೆ ಓಡಿತು ಎಂಬುದು ಅವರ ಮಾತು. ಸತ್ತ ಗೆಳೆಯನ ಮಾತು ಎಂಬುದೂ ಇತ್ತು.

ಕಡೆಗೆ ಒಂದು ದಿನ ಅವರೇ ಬಸ್ಸಿನಲ್ಲಿ ಕೊಟ್ಟೂರಿಗೆ ಬಂದರು. ಬಾಡಿಗೆಯವರು ಕೂತಂತೆ ಹಿಂದೆ ಭಾರವಿಟ್ಟುಕೊಂಡು ಓಡಿಸಿ ನೋಡಬೇಕು ಎಂದರು. "ನೀನ ಕೂಡು ತಂಗಿ, ಬೇರೆ ಯಾರೂ ಈ ಗಾಡಿ ಹತ್ತಂಗಿಲ್ಲ," ಎಂದಾಗ ನಾನು ಹಿಂದೆ ಕೂತೆ. ಇವರು ಹೋದ ಮೇಲೆ ಅದೇ ಮೊದಲ ಸಲ ಆ ಕಾರಿನಲ್ಲಿ ಕೂತದ್ದು. ಖಾಸೀಮಣ್ಣ ಓಡಿಸಿದರು, ಪಕ್ಕದಲ್ಲಿ ನಾಗರಾಜ. ಹಗರಿಬೊಮ್ಮನಹಳ್ಳಿಯ ರಸ್ತೆ ಹಿಡಿದೆವು. ಇಳಿಬಿಸಿಲು. ಊರು ದಾಟಿ ಸ್ವಲ್ಪ ದೂರದಲ್ಲಿ ಕುರಿಹಿಂಡು ಅಡ್ಡ ಬಂತು, ಬ್ರೇಕ್ ಹಾಕಿದರು, ಬಂದ್ ಆಯಿತು. ಕುರಿಗಳು ನಮ್ಮನ್ನು ಸುತ್ತುವರಿದು ಮೆಲ್ಲಗೆ ಹೋದವು. ಕುರಿಯವನು ಒಳಗೆ ಬಗ್ಗಿ ನೋಡಿ, "ಸಾಬ್ರ, ಇದಕ್ಕಿಂತ ನನ್ನ ಟಗರು ಚಲೋ ಓಡ್ತೈತಿ," ಎಂದ.

"ಟಗರಿಗೆ ಬ್ರೇಕ್ ಹಾಕಿ ತೋರಸು, ನೋಡೂಣು," ಎಂದರು ಖಾಸೀಮಣ್ಣ.

ಎಲ್ಲರೂ ನಕ್ಕರು. ನನಗೂ ನಗು ಬಂತು, ಆ ನಗುವಿನಲ್ಲೇ ಇಷ್ಟು ದಿನ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು. "ಅಣ್ಣಾರ, ಅವರು ನಿಲ್ಲಿಸುವಾಗ ಇದು ಒಂದ್ಸಲ ಗುಂಯ್ ಅಂತಿತ್ತು. ಈಗ ಅನ್ನಂಗಿಲ್ಲ."

ಖಾಸೀಮಣ್ಣ ಹಿಂದಕ್ಕೆ ಹೊರಳಿದರು. "ಬ್ರೇಕ್ ಹಾಕೋಕ ಮೊದಲೋ, ಹಾಕಿದ ಮ್ಯಾಲೋ?"

"ಹಾಕಿದ ಮ್ಯಾಲ. ಗಾಡಿ ಇನ್ನೇನು ನಿಲ್ತೈತಿ ಅನ್ನೋದರಾಗ."

"ಹ್ಯಾಂಗ ಅಂತಿತ್ತು, ಅನ್ನು."

ನಡುರಸ್ತೆಯಲ್ಲಿ ಕೂತು ಕಾರಿನಂತೆ ಸದ್ದು ಮಾಡುವುದಕ್ಕೆ ನಾಚಿಕೆಯಾಯಿತು. ಆದರೂ ಮಾಡಿದೆ. ನಾಗರಾಜ ಕಿಟಕಿಯ ಕಡೆ ಮುಖ ಮಾಡಿ ನಕ್ಕ. ಖಾಸೀಮಣ್ಣ ನಗಲಿಲ್ಲ. ಇಳಿದು, ಬಾಗಿಲ ಬಳಿ ಕೂತು, ಕೆಳಗಿನ ಪೆಡಲುಗಳನ್ನು ಕೈಯಿಂದ ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಕರೆದು ತೋರಿಸಿದರು. ಆಕ್ಸಿಲರೇಟರಿನ ರಬ್ಬರು ಉಳಿದೆಲ್ಲ ಕಡೆ ಗೀರುಗೀರಾಗಿ ಹೊಸದರಂತಿತ್ತು. ಬ್ರೇಕಿನ ಕಡೆಗಿದ್ದ ಅಂಚು ಮಾತ್ರ ಸವೆದು ಕನ್ನಡಿಯಂತೆ ನುಣುಪಾಗಿತ್ತು.

"ಹಿಮ್ಮಡ," ಎಂದರು. "ಮುಂಗಾಲು ಬ್ರೇಕ್ ಮ್ಯಾಲ, ಅದ ಕಾಲಿನ ಹಿಮ್ಮಡ ಇಲ್ಲಿ. ಬ್ರೇಕ್ ಹಾಕಿದಾಗೆಲ್ಲ ಇಂಜಿನ್ನಿಗೆ ಒಂದು ಗುಟುಕು ಎಣ್ಣಿ ಕುಡಿಸ್ತಿದ್ದ ಮಗ. ಇದು ಮೊದಲಿಂದ ಹಿಂಗ ಸಾಯೋ ಗಾಡಿನ. ಅವನು ಸಾಯಗೊಡ್ತಿದ್ದಿಲ್ಲ." ಆ ನುಣುಪನ್ನು ಬೆರಳಿನಿಂದ ಸವರಿ, "ನಾನು ಅವನ ಬಾಜೂಕ ಎಷ್ಟು ಸಲ ಕುಂತೀನಿ. ಗೆಳೆಯನ ಮಾರಿ ನೋಡ್ತಾರ, ಕಾಲು ಯಾರು ನೋಡ್ತಾರ?" ಎಂದರು.

ದೋಷ ಸಿಕ್ಕಿತು. ಇಂಜಿನ್ ತೀರ ಮೆಲ್ಲಗೆ ಓಡುವಂತೆ ಇಟ್ಟಿದ್ದರಿಂದ, ಬ್ರೇಕ್ ಹಾಕಿದಾಗ ಪೆಟ್ರೋಲ್ ತುಯ್ದಾಡಿ, ಇದ್ದ ಸಣ್ಣ ಉಸಿರೂ ನಿಲ್ಲುತ್ತಿತ್ತು. ಸ್ಕ್ರೂ ಒಂದಿಷ್ಟು ತಿರುವಿದರೆ ಮುಗಿಯಿತು. ನಾಗರಾಜ ಅಣ್ಣನಂತೆ ಹಿಮ್ಮಡಿ ಇಟ್ಟು ನೋಡಿದ. ಕಾರು ಬುಸ್ಸೆಂದು ನೆಗೆದು ಜಾಲಿಗಿಡದವರೆಗೆ ಹೋಯಿತು. "ಸಂತಿ ಹೋರಿ ಮಾಡಿದೆಲ್ಲೋ ಅದನ್ನ, ಬಿಡು," ಎಂದು ಖಾಸೀಮಣ್ಣ ಅವನನ್ನು ಇಳಿಸಿದರು. ತಮ್ಮ ಕಾಲಂತೂ ಮಡಚುವುದೇ ಇಲ್ಲ, ತಮಗೆ ಈ ಜನ್ಮದಲ್ಲಿ ಆಗದು ಎಂದರು.

ಅವರು ಸ್ಕ್ರೂಡ್ರೈವರ್ ತೆಗೆದುಕೊಂಡು ಬಾನೆಟ್ ಎತ್ತಿದರು. ನಾನು ಹೋಗಿ ನಿಂತೆ. ಕೆಂಪು ಚುಕ್ಕೆಯನ್ನು ಕಂಡದ್ದು ಆಗಲೇ. ಕಡಲೆಕಾಳಿನಷ್ಟೂ ಇರಲಿಲ್ಲ. ಇವರು ಬೆರಳಿನಿಂದಲೇ ಇಟ್ಟಿದ್ದಿರಬೇಕು, ಬಣ್ಣದಲ್ಲಿ ಬೆರಳಿನ ಗೆರೆ ಇತ್ತು. ಅದನ್ನು ತಿರುವಿದ ಮೇಲೆ ಕಾರಿಗೆ ಆ ಸದ್ದಿನ ಅಗತ್ಯವೇ ಇರುವುದಿಲ್ಲ ಎಂದು ನನಗೆ ಹೊಳೆಯಿತು. "ಇವತ್ತು ಬ್ಯಾಡ್ರಿ ಅಣ್ಣಾರ," ಎಂದೆ. "ಅತ್ತಿಯವರಿಗೆ ಒಂದು ಮಾತು ಹೇಳಿ ಮುಟ್ಟೋಣು." ಖಾಸೀಮಣ್ಣ ನನ್ನನ್ನು ನೋಡಿದರು. ಬಾನೆಟ್ ಹಾಕಿದರು.

ಹಾಗೆಯೇ ತಿರುಗಿ ಬಂದೆವು. ಊರ ಬಾಗಿಲಲ್ಲಿ ಬಂದ್ ಆಯಿತು. ಬಸ್ ನಿಲ್ದಾಣದ ಮುಂದೆ ಬಂದ್ ಆಯಿತು, ಅಲ್ಲಿದ್ದವರು ತಳ್ಳಲು ಬಂದರು. ಓಣಿಯ ತಿರುವಿನಲ್ಲಿ ನೀರಿನ ಕೊಡ ಹೊತ್ತವರಿಗಾಗಿ ನಿಲ್ಲಿಸಿದಾಗಲೂ ಬಂದ್ ಆಯಿತು. ದೀಪ ಹಚ್ಚುವ ಹೊತ್ತು. ಮನೆಯ ಮುಂದೆ ಬಂದು ಖಾಸೀಮಣ್ಣ ಬ್ರೇಕ್ ಒತ್ತಿದರು.

ಇಂಜಿನ್ ಬಂದ್ ಆಗಲಿಲ್ಲ. ಗುಂಯ್ ಎಂದು ಒಂದು ಸಲ ಏರಿತು. ಇಳಿಯಿತು. ಮೆಲ್ಲಗೆ ಓಡುತ್ತ ನಿಂತಿತು.

ಅದನ್ನು ನಾನು ಬೇರೆ ಯಾವ ಸದ್ದಿನೊಂದಿಗೂ ಕಲಸಿಕೊಳ್ಳುವುದು ಸಾಧ್ಯವಿಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಎಷ್ಟೋ ವರ್ಷ ದಿನವೂ ಕೇಳಿದ್ದು. ಅದೇ ಏರು, ಅದೇ ಇಳಿತ, ನಡುವೆ ಅದೇ ಬಿಡುವು. ನಾಗರಾಜ ಬಗ್ಗಿ ಖಾಸೀಮಣ್ಣನ ಕಾಲು ನೋಡುತ್ತಿದ್ದ. ನಾನೂ ಸೀಟಿನ ಮೇಲಿಂದ ಬಗ್ಗಿ ನೋಡಿದೆ. ಆ ಮಡಚದ ಬಲಗಾಲು ಬ್ರೇಕಿನ ಮೇಲೆ ಹಲಗೆಯಂತೆ ಚಪ್ಪಟೆಯಾಗಿತ್ತು. ಎಡಗಾಲು ಕ್ಲಚ್ಚಿನ ಮೇಲೆ. ಎರಡೂ ಕೈ ಸ್ಟೇರಿಂಗಿನ ಮೇಲೆ. "ನಾನು ಒತ್ತಿಲ್ಲ ತಂಗಿ," ಎಂದರು ಖಾಸೀಮಣ್ಣ, ಬಹಳ ಮೆಲ್ಲಗೆ. "ಅಲ್ಲಾನ ಆಣಿ, ನಾನು ಒತ್ತಿಲ್ಲ."

ಆಗ ಒಳಗೆ, ಬಚ್ಚಲಿನಲ್ಲಿ, ತಂಬಿಗೆಯಿಂದ ನೀರು ತೋಡುವ ಸದ್ದು ಕೇಳಿಸಿತು.

ನೆನಪಿಡಿ, ಇವರು ಹೋದ ಮೇಲೆ ಆ ಕಾರು ಎಷ್ಟೋ ಸಲ ಆ ಬಾಗಿಲ ಮುಂದೆ ಬಂದು ನಿಂತಿತ್ತು. ಅತ್ತೆ ಒಂದು ದಿನವೂ ಎದ್ದಿರಲಿಲ್ಲ. ರಸ್ತೆಯಲ್ಲಿ ನಮಗೆ ಏನು ತಿಳಿಯಿತೆಂಬುದು ಅವರಿಗೆ ಗೊತ್ತಿರಲಿಲ್ಲ. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು, ಕಾರಿನ ಕಡೆ ಮುಖ ಮಾಡಿ ನಿಂತರು. "ನೀರು ತೋಡೀನಿ," ಎಂದರು. ಮಂಜುಗಣ್ಣಿನಿಂದ ಒಬ್ಬೊಬ್ಬರನ್ನೇ ಹುಡುಕಿದಂತೆ ನೋಡಿದರು. ನಾನಿಳಿದು ಹತ್ತಿರ ಹೋದೆ. ನನ್ನ ಕೈ ಮುಟ್ಟಿದ ಮೇಲೆ ಅವರಿಗೆ ಎಲ್ಲ ನೆನಪಾಯಿತು. ಅಳಲಿಲ್ಲ. "ಸದ್ದು ಕೇಳಿಸ್ತಲ್ಲ ಯವ್ವಾ," ಎಂದರು.

"ಕೇಳಿಸ್ತು ಅತ್ತಿ."

ಇಂಜಿನ್ ಓಡುತ್ತಲೇ ಇತ್ತು. ಖಾಸೀಮಣ್ಣ ಚಾವಿಗೆ ಕೈ ಹಾಕಲಿಲ್ಲ, ನಾನೂ ಹಾಕಿ ಎನ್ನಲಿಲ್ಲ. ಅಕ್ಕಪಕ್ಕದವರು ಹೊರಗೆ ಬಂದು ಏನಾಯಿತೆಂದು ನೋಡಿ, ಏನೂ ಕಾಣದೆ ಒಳಗೆ ಹೋದರು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ತಿಳಿಯದು. ಕಡೆಗೆ ಅತ್ತೆಯೇ ಹೇಳಿದರು: "ಬಂದ್ ಮಾಡ್ರಿ. ಸುಮ್ಮನ ಎಣ್ಣಿ ಸುಟ್ರ ಅವನಿಗೆ ಸೇರಂಗಿಲ್ಲ." ಖಾಸೀಮಣ್ಣ ಚಾವಿ ತಿರುಗಿಸಿದರು. ಬಚ್ಚಲಿನ ನೀರಿನಲ್ಲಿ ಯಾರೂ ಸ್ನಾನ ಮಾಡಲಿಲ್ಲ. ಬೆಳಗಾಗುವಷ್ಟರಲ್ಲಿ ಅಲ್ಲೇ ಆರಿತು.

ಖಾಸೀಮಣ್ಣ ಅಂದು ನಮ್ಮಲ್ಲೇ ಉಳಿದರು. ಬೆಳಿಗ್ಗೆ ಅತ್ತೆಗೆ ಸ್ಕ್ರೂವಿನ ವಿಷಯ ತಿಳಿಸಿ ಹೇಳಿದರು. ಸ್ಕ್ರೂ ಇದ್ದಂತೆ ಬಿಡಿ ಎಂದು ಅವರಾದರೂ ಹೇಳಲಿ ಎಂದು ನಾನು ಕಾಯುತ್ತಿದ್ದೆ. ಅತ್ತೆ ನಾಗರಾಜನ ಕಡೆ ಕೈ ಮಾಡಿ, "ಇರೋ ಮಗನ್ನ ಲಾರಿ ಕೆಳಗ ಹಾಕ್ಲೇನು? ತಿರುವು ಖಾಸೀಮಾ," ಎಂದರು. ಖಾಸೀಮಣ್ಣ ಚುಕ್ಕೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟು ನನ್ನ ಮುಖ ನೋಡಿದರು. ಹೆದ್ದಾರಿಯಲ್ಲಿ ನಿಂತ ಲಾರಿ, ಆ ಬಾಣಂತಿ, ಆ ಕೂಸು ನೆನಪಾದರು. ಹೂಂ ಎಂದೆ. ಕೆಂಪು ಚುಕ್ಕೆ ಮೇಲಿನಿಂದ ಜರುಗಿ ಬದಿಗೆ ಹೋಯಿತು. ಇಂಜಿನ್ ಜೋರಾಗಿ, ಒಂದೇ ಸಮನೆ ಓಡತೊಡಗಿತು. ಅಂದಿನಿಂದ ಆ ಕಾರು ಯಾವ ಬ್ರೇಕಿಗೂ ಬಂದ್ ಆಗಲಿಲ್ಲ. ನಾಗರಾಜ ಹರಪನಹಳ್ಳಿ, ಹಡಗಲಿ, ಎಲ್ಲೆಲ್ಲಿಗೋ ಬಾಡಿಗೆ ಹೋದ. ಹೊಳಲಿನ ಆ ಮದುವೆಗೂ ಅದೇ ಕಾರು ಹೋಯಿತು.

ನಾನು ಇದಕ್ಕೆ ಕಾರಣ ಹುಡುಕದೆ ಬಿಟ್ಟಿಲ್ಲ. ಓಣಿ ಒಂದಿಷ್ಟು ಏರು ಇದೆ, ಪೆಟ್ರೋಲ್ ಆ ಕಡೆ ಹರಿದು ಇಂಜಿನ್ ತಾನೇ ಏರಿರಬಹುದು. ಆದರೆ ಅದೇ ಏರಿನಲ್ಲಿ ಎಷ್ಟೋ ಸಲ ಬಂದ್ ಆಗಿತ್ತು. ಒಮ್ಮೆ, ಎರಡು ಮೂರು ವರ್ಷದ ನಂತರ, ಖಾಸೀಮಣ್ಣನನ್ನು ಬೇಡಿಕೊಂಡು ಚುಕ್ಕೆಯನ್ನು ಮತ್ತೆ ಮೇಲಕ್ಕೆ ತರಿಸಿದೆ. ಅವರು ಬೇಸರಿಸಲಿಲ್ಲ. ಅದೇ ಹೊತ್ತಿಗೆ, ಅದೇ ತಿರುವಿನಿಂದ ಬಂದು ಬಾಗಿಲ ಮುಂದೆ ನಿಲ್ಲಿಸಿದರು. ಬಂದ್ ಆಯಿತು. ಮತ್ತೆ ಮತ್ತೆ ಮಾಡಿದರು, ಪ್ರತಿ ಸಲವೂ ಬಂದ್ ಆಯಿತು. ನಾನು ಹಿಂದೆ ಕೂತಿದ್ದೆ, ಅತ್ತೆ ಒಳಗೆ ಕೂತಿದ್ದರು. ಕಡೆಗೆ ಖಾಸೀಮಣ್ಣ, "ಸಾಕು ತಂಗಿ," ಎಂದರು. ಸಾಕು ಎಂದೆ. ಚುಕ್ಕೆ ಮತ್ತೆ ಬದಿಗೆ ಹೋಯಿತು.

ಆಮೇಲೆ ಅತ್ತೆ ಹೋದರು. ನಾಗರಾಜ ಬೇರೆ ಗಾಡಿ ಮಾಡಿದ, ಹಳೆಯದನ್ನು ಯಾರೋ ಹಡಗಲಿಯ ಕಡೆಯವರು ಒಯ್ದರು. ಸತ್ತವರು ಬರುತ್ತಾರೆಂದು ನಾನು ಈಗಲೂ ಹೇಳಲಾರೆ. ಬರುವುದಿಲ್ಲ ಎಂದು ಮೊದಲಿನ ಧೈರ್ಯದಿಂದಲೂ ಹೇಳಲಾರೆ. ಅಂದು ಒಂದು ಸಲ ಏಕೆ ಬಂತು, ಬೇಡಿಕೊಂಡಾಗ ಏಕೆ ಬರಲಿಲ್ಲ ಎಂಬುದು ನನಗೆ ಗೊತ್ತಿಲ್ಲ.

ಈಗಲೂ ದೀಪ ಹಚ್ಚುವ ಹೊತ್ತಿಗೆ ನಮ್ಮ ಓಣಿಯಲ್ಲಿ ಗಾಡಿಗಳು ಬರುತ್ತವೆ. ತಿರುವಿನಲ್ಲಿ ಹೊರಳುವುದು ಕೇಳಿಸುತ್ತದೆ, ಬ್ರೇಕ್ ಹಾಕುವುದು ಕೇಳಿಸುತ್ತದೆ. ಅದಾದ ಮೇಲಿನ ಸದ್ದು ಮಾತ್ರ ಇಲ್ಲ.